ಎಂಟು ಸುತ್ತಿನ ಸನ್ಮಾನ

ರಾಗಿಗುಡ್ಡ ತಪ್ಪಲು ನಾಗರಿಕರ ಹಿತರಕ್ಷಣಾ ಸಂಘವು ಹುಟ್ಟಿದ ಏಳು ವರ್ಷಗಳಲ್ಲಿ ನಾಗರಿಕರ ಯಾವ ಹಿತವನ್ನು ರಕ್ಷಿಸಿದೆ ಎಂದು ಯಾರಾದರೂ ಕೇಳಿದರೆ, ಪದಾಧಿಕಾರಿಗಳು "ವರ್ಷಾ ವರ್ಷಾ ರಾಜ್ಯೋತ್ಸವ ಮಾಡ್ತೀವಲ್ಲ" ಎನ್ನುತ್ತಿದ್ದರು. ಮಾಡುತ್ತಿದ್ದದ್ದೇನೋ ನಿಜ. ಆದರೆ ನವೆಂಬರ್ ಒಂದನೇ ತಾರೀಕಿಗೆ ಶಿವಮೊಗ್ಗದ ದೊಡ್ಡ ದೊಡ್ಡ ಸಂಘಗಳು ಶಾಮಿಯಾನ, ಮೈಕು, ಅತಿಥಿ ಮೂರನ್ನೂ ಮೊದಲೇ ಹಿಡಿದುಕೊಂಡುಬಿಡುತ್ತಿದ್ದವು. ಹಾಗಾಗಿ ಇವರ ಕನ್ನಡಾಭಿಮಾನ ಉಕ್ಕುತ್ತಿದ್ದದ್ದು ಎರಡನೇ ಭಾನುವಾರ.

ರಾಜ್ಯೋತ್ಸವ ಎಂದರೆ ಬಾವುಟ, ಮಕ್ಕಳ ಡ್ಯಾನ್ಸು, ಆಮೇಲೆ ಸನ್ಮಾನ. ಮೊದಲಿನ ಎರಡು ಇಲ್ಲದಿದ್ದರೂ ನಡೆಯುತ್ತಿತ್ತು, ಸನ್ಮಾನ ಇಲ್ಲದೆ ನಡೆಯುತ್ತಿರಲಿಲ್ಲ. ಬಡಾವಣೆಯ ಸಾಧಕರೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ ಹಾಕಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು, ಬುಟ್ಟಿಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಸನ್ಮಾನ ಪತ್ರ ಇಟ್ಟು, ಅವರು ಇದರಲ್ಲಿ ಯಾವುದನ್ನು ಮೊದಲು ಬೀಳಿಸುತ್ತೇನೋ ಎಂದು ಹೆದರಿಕೊಂಡಿರುವಾಗ ಫೋಟೋ ತೆಗೆಯುವುದು. ಫೋಟೋದಲ್ಲಿ ಆ ಹೆದರಿಕೆಯೇ ವಿನಯದಂತೆ ಕಾಣುತ್ತಿತ್ತು.

ಸನ್ಮಾನ ಪತ್ರ ಓದುವ ಕೆಲಸ ಕಾರ್ಯದರ್ಶಿ ಪರಮೇಶನದು. ಅವನು ಅಡಿಕೆ ಮಂಡಿಯಲ್ಲಿ ಗುಮಾಸ್ತ. ಮಂಡಿಯಲ್ಲಿ ಕಡಿಮೆ ದರ್ಜೆಯ ಗೊರಬಲು ಅಡಿಕೆಯ ಮೂಟೆಯ ಮೇಲೆ ಮೇಲು ದರ್ಜೆಯ 'ರಾಶಿ' ಎಂದು ಬರೆದರೆ ಅದೇ ಸಂಜೆ ಕೆಲಸ ಹೋಗುತ್ತಿತ್ತು. ಸಂಘದಲ್ಲಿ ಏಳು ವರ್ಷದಿಂದ ಅವನು ಮಾಡುತ್ತಿದ್ದದ್ದು ಅದೇ ಕೆಲಸ. ಇಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ಬಿದ್ದಾಗಲೆಲ್ಲ ಪರಮೇಶ ತಲೆ ತಗ್ಗಿಸಿಕೊಂಡು ವೇದಿಕೆಯಿಂದ ಇಳಿದುಬಿಡುತ್ತಿದ್ದ. ಹೆಂಡತಿ ಶೀಲಾ ಅದನ್ನು ನಾಚಿಕೆ ಎಂದುಕೊಂಡಿದ್ದಳು.

ಈ ಹೊಗಳಿಕೆಯ ಮೂಲ ಇದ್ದದ್ದು ಅಧ್ಯಕ್ಷ ಭೈರಪ್ಪನವರ ತಲೆಯಲ್ಲಿ. ಅವರು ಅಡಿಕೆ ತೋಟದ ಕುಳ. ಊರಿನ ತೋಟ ತಮ್ಮನಿಗೆ ಒಪ್ಪಿಸಿ, ಸರ್ಕಾರಿ ನೌಕರಿ ಮುಗಿಸಿ, ಬಡಾವಣೆಯ ಒಂದನೇ ಕ್ರಾಸಿನಲ್ಲಿ ಎರಡು ಸೈಟಿನ ಮನೆ ಕಟ್ಟಿಕೊಂಡಿದ್ದರು. ಮೊದಲನೇ ವರ್ಷ ಪರಮೇಶ ಸನ್ಮಾನ ಪತ್ರ ಬರೆದುಕೊಂಡು ಹೋದಾಗ, "ವರ್ಷಾ ವರ್ಷಾ ಯಾಕ್ರೀ ತಲೆ ಕೆಡಿಸ್ಕೊಳ್ತೀರಿ? ಹೆಸರಿನ ಜಾಗ ಖಾಲಿ ಬಿಟ್ಟು ಇನ್ನೂರು ಒಟ್ಟಿಗೆ ಅಚ್ಚು ಹಾಕ್ಸಿ. ಆಮೇಲೆ ಹೆಸರು ತುಂಬಿದ್ರಾಯ್ತು" ಎಂದಿದ್ದರು. ಹಾಗೇ ಆಯಿತು. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕಾಯಕಯೋಗಿ, ಬಡಾವಣೆಯ ಕೀರ್ತಿಕಳಶ ಎಂದೆಲ್ಲ ಇದ್ದ ಆ ಪತ್ರ ಕೊನೆಗೆ "ತಮ್ಮಂಥವರು ನಮ್ಮ ಬಡಾವಣೆಗೆ ತಾವೊಬ್ಬರೇ" ಎಂದು ಮುಗಿಯುತ್ತಿತ್ತು. ಅದೀಗ ಹದಿನಾಲ್ಕು ಮನೆಗಳ ಗೋಡೆಯ ಮೇಲಿತ್ತು. ರಿಟೈರ್ಡ್ ಹೆಡ್‌ಮಾಸ್ತರರ ಮನೆಯಲ್ಲಿತ್ತು, ಸೊಸೈಟಿ ಅಕ್ಕಿ ಬಂದ ದಿನ ಎಲ್ಲರಿಗೂ ಕೂಗಿ ಹೇಳುತ್ತಿದ್ದ ವಸಂತಮ್ಮನ ಮನೆಯಲ್ಲಿತ್ತು, ಸಂಘದ ಐದನೇ ವರ್ಷದಲ್ಲಿ ತಮಗೆ ತಾವೇ ಸನ್ಮಾನ ಮಾಡಿಕೊಂಡ ಭೈರಪ್ಪನವರ ಮನೆಯಲ್ಲೂ ಇತ್ತು. ಅವತ್ತು ಒಬ್ಬರೇ ಸನ್ಮಾನ ಮಾಡುವವರೂ ಮಾಡಿಸಿಕೊಳ್ಳುವವರೂ ಆಗಿದ್ದರಿಂದ ಶಾಲು ಹೊದೆಸಲು ಅವರ ಹೆಂಡತಿ ಪ್ರೇಮಮ್ಮನನ್ನು ವೇದಿಕೆಗೆ ಕರೆಯಬೇಕಾಯಿತು.

2003ರ ಅಕ್ಟೋಬರಿನಲ್ಲಿ ಸಭೆ ಸೇರಿದಾಗ ಸಾಧಕರು ಖಾಲಿಯಾಗಿದ್ದರು.

"ಇನ್ಯಾರು ಉಳಿದಿದ್ದಾರ್ರೀ?" ಎಂದರು ಭೈರಪ್ಪನವರು.

ಪರಮೇಶ ಪಟ್ಟಿ ನೋಡಿದ. "ಆರನೇ ಕ್ರಾಸಿನ ಹುಲಿಯಪ್ಪ ಅಂತ ಒಬ್ರಿದ್ದಾರೆ. ಭದ್ರಾವತಿ ಕಾರ್ಖಾನೇಲಿ ಕೆಲಸದಲ್ಲಿದ್ರು. ರಿಟೈರ್ ಆಗಿ ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು."

"ಏನು ಸಾಧನೆ?"

"ಮೂವತ್ತು ವರ್ಷ ಸರ್ವೀಸು."

"ಸಾಕು, ಹಾಕ್ಕೊಳಿ. ಈ ವರ್ಷ ಒಬ್ರೇ ಇರಲಿ. ನನಗೆ ಅತಿಥಿ ಮುಖ್ಯ. ನೀರಿನ ಇಂಜಿನಿಯರ್ ಸಾಹೇಬ್ರನ್ನ ಒಪ್ಪಿಸಿದ್ದೀನಿ. ಎಲ್ರೆದುರು ನಮ್ಮ ಕೆಳಗಿನ ಕ್ರಾಸುಗಳ ನೀರಿನ ಕಥೆ ಹೇಳ್ತೀನಿ."

ಕೆಳಗಿನ ಕ್ರಾಸುಗಳ ನೀರಿನ ಕಥೆ ಪರಮೇಶನಿಗೆ ಬಾಯಿಪಾಠ. ಬಡಾವಣೆ ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ, ಒಂದನೇ ಕ್ರಾಸು ಬುಡದಲ್ಲಿ, ಆರನೆಯದು ನೆತ್ತಿಯಲ್ಲಿ. ನಾಲ್ಕು ವರ್ಷದ ಹಿಂದಿನವರೆಗೆ ಕೆಳಗಿನ ಮನೆಗಳ ನಲ್ಲಿಯಲ್ಲಿ ನೀರು ಧೋ ಎಂದು ಬೀಳುತ್ತಿತ್ತಂತೆ. ಆಮೇಲೆ ಬೆಳಿಗ್ಗೆ ಮುಕ್ಕಾಲು ಗಂಟೆ ಹೊತ್ತು ಬೆರಳು ಗಾತ್ರಕ್ಕೆ ಇಳಿದುಬಿಟ್ಟಿತು. ಭೈರಪ್ಪನವರು ಎರಡನೇ ಸೈಟಿನಲ್ಲಿ ನೆಟ್ಟಿದ್ದ ಅರವತ್ತು ಅಡಿಕೆ ಸಸಿಗಳು ಸೊರಗಿದವು. ಸಂಘದಿಂದ ಒಂಬತ್ತು ಅರ್ಜಿ ಹೋದವು. ಒಂಬತ್ತನ್ನೂ ಬರೆದವನು ಪರಮೇಶ. ಅವನ ಮನೆ ನಾಲ್ಕನೇ ಕ್ರಾಸಿನಲ್ಲಿತ್ತು. ಅಲ್ಲಿ ನಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಯಾಕೆ ಚೆನ್ನಾಗಿ ಬರುತ್ತಿದೆ ಎಂದು ಅವನು ಯೋಚಿಸಿರಲಿಲ್ಲ. ಬರದಿದ್ದರೆ ಯೋಚಿಸುತ್ತಿದ್ದನೇನೋ.

ಆಹ್ವಾನ ಪತ್ರಿಕೆ ಅಚ್ಚಾಯಿತು. ಅದನ್ನು ಹಿಡಿದು ಪರಮೇಶ ಆರನೇ ಕ್ರಾಸು ಹತ್ತಿದಾಗ ಹುಲಿಯಪ್ಪ ಜಗಲಿಯ ಮೇಲೆ ಕೂತು ಚಪ್ಪಲಿಯ ಉಂಗುಷ್ಠಕ್ಕೆ ಹೊಲಿಗೆ ಹಾಕುತ್ತಿದ್ದ. ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯವನು ಟೀ ಕುಡಿಯುತ್ತಿದ್ದ. ಪತ್ರಿಕೆ ಇಸಿದುಕೊಂಡದ್ದು ಹುಲಿಯಪ್ಪನ ಹೆಂಡತಿ ಹುಲಿಗೆಮ್ಮ. ಓದಿ, ಮಡಿಚಿ, ಪರಮೇಶನ ಕೈಗೇ ವಾಪಸ್ ಕೊಟ್ಟಳು.

"ಇವರು ಬರಲ್ಲ, ಸೆಕ್ರೆಟ್ರಿ ಸಾಹೇಬ್ರೇ."

"ಯಾಕಕ್ಕ? ಅಚ್ಚು ಹಾಕಿಸಿಬಿಟ್ಟಿದ್ದೀವಿ!"

"ಅಚ್ಚಿನ ವಿಷ್ಯಾನೇ ನಾನು ಹೇಳ್ತಿರೋದು. ವಸಂತಮ್ಮನ ಮನೇಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಗೋಡೆ ಮೇಲೆ ಓದ್ದೆ, ತಾವೊಬ್ಬರೇ ಅಂತ ಇತ್ತು. ಪಾಪ, ಇರ್ಲಿ ಅಂದ್ಕೊಂಡೆ. ಅಲ್ಲಿಂದ ಪ್ರೇಮಮ್ಮನ ಮನೇಗೆ ಹೋದೆ. ಅಲ್ಲೂ ಅಧ್ಯಕ್ಷರು ಒಬ್ಬರೇ! ಹೆಡ್‌ಮಾಸ್ತರ ಮನೇಲೂ ಮಾಸ್ತರು ಒಬ್ಬರೇ! ಎಷ್ಟು ಜನ ಒಬ್ಬರು ಇದ್ದಾರ್ರೀ ಈ ಬಡಾವಣೇಲಿ?"

ಮೀಸೆಯವನು ಟೀ ನೆತ್ತಿಗೇರಿಸಿಕೊಂಡು ಕೆಮ್ಮಿದ. ಅವನು ಹುಲಿಗೆಮ್ಮನ ತಮ್ಮ ಕಾಂತರಾಜ್, ಭದ್ರಾವತಿ ನ್ಯೂ ಟೌನಿನ ಗೆಳೆಯರ ಬಳಗದ ಮುಖಂಡ.

"ಅಲ್ಲ ಸಾರ್," ಎಂದ ಅವನು ಕಣ್ಣೊರೆಸಿಕೊಂಡು, "ನಮ್ಮಲ್ಲೂ ಅದೇ ಭಾನುವಾರ ಫಂಕ್ಷನ್. ನಾದಸ್ವರ ಇರುತ್ತೆ, ವಾಲಿಬಾಲ್ ಫೈನಲ್ ಇರುತ್ತೆ. ಭಾವ ನಮ್ಮೂರಿನ ಆಸ್ತಿ. ನಾಲ್ಕು ವರ್ಷದಿಂದ ನೀವು ಬಾಡಿಗೆಗೆ ಇಟ್ಕೊಂಡಿದ್ದೀರಿ, ಅಷ್ಟೆ. ನಮ್ಮಲ್ಲೇ ಶಾಲು ಹೊದೆಸ್ತೀವಿ ಬಿಡಿ."

ಪರಮೇಶನ ಕಣ್ಣ ಮುಂದೆ ವೇದಿಕೆ ಬಂತು. ಇಂಜಿನಿಯರ್ ಕೂತಿದ್ದಾರೆ, ಅಧ್ಯಕ್ಷರು ಶಾಲು ಬಿಚ್ಚಿ ಹಿಡಿದಿದ್ದಾರೆ, ಎದುರಿನ ಕುರ್ಚಿ ಖಾಲಿ. ಶಿವಮೊಗ್ಗದವರಿಗೆ ಸನ್ಮಾನಕ್ಕೆ ಒಬ್ಬ ಮನುಷ್ಯ ಸಿಗಲಿಲ್ಲ, ಇದ್ದೊಬ್ಬನನ್ನೂ ಭದ್ರಾವತಿಯವರು ಎತ್ತಿಕೊಂಡು ಹೋದರು ಎಂದು ಊರೆಲ್ಲ ನಗುತ್ತದೆ.

"ಬೇರೆ ಬರೀತೀನಿ ಅಕ್ಕ," ಎಂದ. "ಇವರೊಬ್ಬರಿಗೇ ಅಂತ."

"ನಿಜ ಬರೀಬೇಕು. ಇನ್ನೊಬ್ಬರ ಗೋಡೆಗೆ ನೇತುಹಾಕಿದ್ರೆ ಸುಳ್ಳಾಗ್ಬೇಕು, ಅಂಥದ್ದು ಬರೀಬೇಕು. ಶುಕ್ರವಾರ ಸಂಜೆ ತೋರ್ಸಿ. ನನಗೆ ಒಪ್ಪಿಗೆ ಆದ್ರೆ ಇವರು ನಿಮ್ಮ ಕುರ್ಚೀಲಿ ಕೂರ್ತಾರೆ. ಇಲ್ದಿದ್ರೆ ಕಾಂತನ ವ್ಯಾನಲ್ಲಿ ಕೂರ್ತಾರೆ."

ತನ್ನ ಬಗ್ಗೆ ಇಷ್ಟೆಲ್ಲ ಮಾತಾಗುತ್ತಿದ್ದರೂ ಹುಲಿಯಪ್ಪ ಚಪ್ಪಲಿಯಿಂದ ತಲೆ ಎತ್ತಿರಲಿಲ್ಲ. ಪರಮೇಶ ಅವನ ಪಕ್ಕ ಕೂತು ಪೆನ್ನು ತೆಗೆದ.

"ಹುಲಿಯಪ್ಪಣ್ಣ, ನಿಮ್ಮ ಸಾಧನೆ ಏನಾದ್ರೂ ಹೇಳಿ."

"ಏನಿಲ್ಲ ಮಾರಾಯ. ಶಿಫ್ಟಿಗೆ ಹೋಗ್ತಿದ್ದೆ, ಶಿಫ್ಟಿಂದ ಬರ್ತಿದ್ದೆ."

"ಬಹುಮಾನ ಏನಾದ್ರೂ?"

"ಸ್ಟೀಲ್ ಲೋಟ ಕೊಟ್ಟಿದ್ರು. ಎಲ್ಲರಿಗೂ ಕೊಟ್ಟಿದ್ರು."

"ಸಮಾಜಸೇವೆ? ರಕ್ತದಾನ?"

"ಒಂದ್ಸಲ ಕೊಡಕ್ಕೆ ಹೋಗಿದ್ದೆ. ಸೂಜಿ ನೋಡಿ ತಲೆಸುತ್ತು ಬಂತು. ಅವರೇ ನನಗೆ ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಕಳಿಸಿದ್ರು."

ಪರಮೇಶ ಹಾಳೆಯ ಮೇಲೆ ಬರೆದದ್ದು 'ಹುಲಿಯಪ್ಪ' ಎಂಬ ಹೆಸರೊಂದೇ. ಅದರ ಕೆಳಗೆ ಎರಡು ಗೆರೆ ಎಳೆದುಕೊಂಡು ಮನೆಗೆ ಬಂದ.

ಗುರುವಾರ ಸಂಜೆಯ ಹೊತ್ತಿಗೆ ಅವನು ಹನ್ನೊಂದು ಹಾಳೆ ಹರಿದಿದ್ದ. ಕೈ ತಾನಾಗಿಯೇ 'ಸರಳ ಸಜ್ಜನಿಕೆಯ' ಎಂದು ಶುರುಮಾಡುತ್ತಿತ್ತು. ಏಳು ವರ್ಷದ ರೂಢಿ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಶೀಲಾ ಅವನ ನಿಟ್ಟುಸಿರು ಕೇಳಿ ಕೇಳಿ ಸಾಕಾಗಿ, "ಅಯ್ಯೋ, ನೀರು ಕೊಡೋದನ್ನ ಬರೀರಿ, ಅದಕ್ಕೇನು ಇಷ್ಟು ಒದ್ದಾಟ?" ಎಂದಳು.

"ಯಾವ ನೀರು?"

ಶೀಲಾ ಅವರೆಕಾಯಿ ಕೆಳಗಿಟ್ಟು ಗಂಡನ ಮುಖ ನೋಡಿದಳು. "ನಿಜವಾಗ್ಲೂ ಗೊತ್ತಿಲ್ವಾ? ನಾಲ್ಕು ವರ್ಷದಿಂದ ದಿನಾ ಸ್ನಾನ ಮಾಡ್ತಿದ್ದೀರಲ್ರೀ!"

ಆಮೇಲೆ ಹೇಳಿದಳು. ನೀರು ಬಿಡುವ ಮುರುಗೇಶಪ್ಪ ಬೆಳಿಗ್ಗೆ ಐದೂವರೆಗೆ ಮೇನ್ ಬಿಟ್ಟು ಸೈಕಲ್ ಹತ್ತಿ ಬೇರೆ ಬಡಾವಣೆಗೆ ಹೋಗುತ್ತಾನೆ. ಹಾಗೇ ಬಿಟ್ಟರೆ ನೀರೆಲ್ಲ ಕೆಳಗಿನ ಕ್ರಾಸುಗಳಿಗೇ ಸುರಿದು ಹೋಗುತ್ತದೆ, ಗುಡ್ಡ ಹತ್ತುವುದಿಲ್ಲ. ಹುಲಿಯಪ್ಪ ಬರುವ ಮುಂಚೆ ಮೇಲಿನವರು ಬೋರ್‌ವೆಲ್ಲಿನಿಂದ ನೀರು ಹೊರುತ್ತಿದ್ದರು. ಅವನು ಬಂದ ತಿಂಗಳೊಪ್ಪತ್ತಿನಲ್ಲಿ ಒಂದನೇ ಕ್ರಾಸಿನ ಮೂಲೆಯ ಗುಂಡಿಗಿಳಿದು, ಕೆಳಗಿನ ಲೈನಿನ ವಾಲ್ವನ್ನು ಒಂದಷ್ಟು ಮುಚ್ಚಿ ನೋಡಿದ. ನೀರು ಮೇಲೆ ಬಂತು. ಅವತ್ತಿನಿಂದ ದಿನಾ ಬೆಳಿಗ್ಗೆ ಮುಚ್ಚುತ್ತಾನೆ, ಮುಕ್ಕಾಲು ಗಂಟೆಗೆ ಸರಬರಾಜು ನಿಂತ ಮೇಲೆ ಮತ್ತೆ ಬಿಚ್ಚುತ್ತಾನೆ.

"ಇದು ಎಲ್ಲರಿಗೂ ಗೊತ್ತಾ?"

"ಮೇಲಿನ ಕ್ರಾಸಿನ ಹೆಂಗಸರಿಗೆಲ್ಲ ಗೊತ್ತು. ಗಂಡಸರಿಗೆ ಹೇಳಲಿಲ್ಲ."

"ಯಾಕೆ?"

"ಹೇಳಿದ್ರೆ ಅರ್ಜಿ ಬರೀತೀರಿ."

ಪರಮೇಶ ಪೆನ್ನು ಕೆಳಗಿಟ್ಟ. ಒಂಬತ್ತು ಅರ್ಜಿ! 'ಕೆಳಗಿನ ಕ್ರಾಸುಗಳ ನೀರು ಮಾಯವಾಗುತ್ತಿರುವ ಕಾರಣ ತನಿಖೆಯಾಗಬೇಕು' ಎಂದು ತಾನೇ ಬರೆದಿದ್ದ. ಮಾಯವಾದ ನೀರು ತನ್ನ ಮನೆಯ ತಾಮ್ರದ ಹಂಡೆಯಲ್ಲೇ ಇತ್ತು. ಆ ಅರ್ಜಿ ಬರೆಯುವ ಮುಂಚೆ ಕೈ ತೊಳೆದದ್ದೂ ಅದೇ ನೀರಿನಲ್ಲಿ.

ಶುಕ್ರವಾರ ಬೆಳಗಾಗುತ್ತಿದ್ದ ಹಾಗೇ ಅವನು ಒಂದನೇ ಕ್ರಾಸಿನ ಮೂಲೆಗೆ ಹೋದ. ಗುಂಡಿಯ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಒಳಗಿಂದ ಹುಲಿಯಪ್ಪನ ಮಫ್ಲರ್ ಸುತ್ತಿದ ತಲೆ ಕಾಣುತ್ತಿತ್ತು. ಕೈಯಲ್ಲಿ ತಾನೇ ಮಾಡಿಕೊಂಡ ಕಬ್ಬಿಣದ ಉದ್ದನೆಯ ಚಾವಿ, ಮೇಲ್ಗಡೆ ಅಡ್ಡ ಹಿಡಿ.

"ಐದು... ಆರು... ತಡಿ ಮಾರಾಯ, ಲೆಕ್ಕ ತಪ್ಪುತ್ತೆ... ಏಳು... ಎಂಟು. ಹ್ಞಾ, ಈಗ ಹೇಳು."

"ಎಂಟೇ ಯಾಕೆ?"

"ಒಂಬತ್ತು ಸುತ್ತಿದ್ರೆ ಕೆಳಗಿನವರಿಗೆ ಏನೂ ಬರಲ್ಲ. ಅವರೂ ಮನುಷ್ಯರಲ್ವಾ? ಏಳು ಸುತ್ತಿದ್ರೆ ಐದನೇ ಕ್ರಾಸಿಗೆ ನಿಂತೋಗುತ್ತೆ. ಎಂಟಕ್ಕೆ ಎಲ್ಲರಿಗೂ ಕುಡಿಯಕ್ಕಾಗೋಷ್ಟು ಬರುತ್ತೆ. ಅಡಿಕೆ ಸಸಿಗೆ ಆಗೋಷ್ಟು ಬರಲ್ಲ."

ಪರಮೇಶ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. "ಹುಲಿಯಪ್ಪಣ್ಣ, ನಿಮ್ಮ ಬಗ್ಗೆ ಬರೆಯಕ್ಕೆ ಇರೋದು ಇದೊಂದೇ. ಇದನ್ನ ಬರೆದ್ರೆ ನೀರಿನ ಇಂಜಿನಿಯರ್ ಎದುರೇ ಓದ್ಬೇಕು. ಸರ್ಕಾರದ ವಾಲ್ವ್ ಮುಟ್ಟಿದ್ದಕ್ಕೆ ಕೇಸ್ ಹಾಕಿದ್ರೆ?"

ಹುಲಿಯಪ್ಪ ಮೇಲೆ ಹತ್ತಿಬಂದು ಕೈಯ ತುಕ್ಕನ್ನು ಲುಂಗಿಗೆ ಒರೆಸಿಕೊಂಡ. "ಸನ್ಮಾನ ಪತ್ರ ಓದುವಾಗ ಯಾರು ಕೇಳಿಸ್ಕೊಳ್ತಾರೆ ಮಾರಾಯ? ಏಳು ವರ್ಷ ಓದಿದ್ದೀಯ, ಒಬ್ಬರಾದ್ರೂ ಕೇಳಿಸ್ಕೊಂಡಿದ್ದಾರಾ? ಕೇಳಿಸ್ಕೊಂಡಿದ್ರೆ ಎರಡನೇ ವರ್ಷಾನೇ ನಿನ್ನ ಹಿಡಿದು ಕೇಳ್ತಿರಲಿಲ್ವಾ? ಬರಿ. ಇವಳು ಖುಷಿಯಾಗ್ತಾಳೆ."

ಮಾತು ನಿಜವಾಗಿದ್ದರಿಂದ ಪರಮೇಶನಿಗೆ ಹೆಚ್ಚು ನೋವಾಯಿತು.

ಅವತ್ತು ಸಂಜೆ ಹುಲಿಗೆಮ್ಮ ಅವನು ಬರೆದದ್ದನ್ನು ಬಾಗಿಲ ಬೆಳಕಿನಲ್ಲಿ ನಿಂತು ಎರಡು ಸಲ ಓದಿದಳು. ಓದುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಕಾಂತರಾಜ್‌ಗೆ ಫೋನ್ ಮಾಡಬೇಕೋ ಬೇಡವೋ ಎಂಬುದು ಆ ತುಟಿಗಳ ಮೇಲಿತ್ತು.

"ಒಂದು ಬಿಟ್ಟಿದ್ದೀರಿ," ಎಂದಳು ಕೊನೆಗೆ. "ನಮ್ಮ ಮಗಳು ಮೈತ್ರಿ ಮದುವೆ ದಿನಾನೂ ಹೋಗಿದ್ರು. ಹೆಣ್ಣಿನ ಅಪ್ಪ ಎಲ್ಲಿ ಅಂತ ಪುರೋಹಿತರು ಕೂಗ್ತಿದ್ರೆ, ಇವರು ಧಾರೆ ಪಂಚೇಲಿ ಗುಂಡಿ ಒಳಗಿದ್ರು. ಬೀಗರ ಎದುರು ನನ್ನ ಮಾನ ಹೋಯ್ತು. ಅದನ್ನೂ ಹಾಕಿ."

ಭಾನುವಾರ ಸಂಜೆ ಎರಡನೇ ಕ್ರಾಸಿನ ಖಾಲಿ ಸೈಟಿನಲ್ಲಿ ಶಾಮಿಯಾನ ಎದ್ದಿತು. ಮೇಲಿನ ಕ್ರಾಸಿನವರು ಬಲಗಡೆ, ಕೆಳಗಿನವರು ಎಡಗಡೆ ಕೂತರು. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಕಾಂತರಾಜ್ ತನ್ನ ವ್ಯಾನನ್ನು ಶಾಮಿಯಾನದ ಪಕ್ಕದಲ್ಲೇ ಭದ್ರಾವತಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಯಾವುದಕ್ಕೂ ಇರಲಿ ಎಂದು ಸ್ಟೇರಿಂಗ್ ಮುಂದೆ ಕೂತಿದ್ದ.

ಭೈರಪ್ಪನವರು ಅಧ್ಯಕ್ಷ ಭಾಷಣದಲ್ಲಿ ಕೆಳಗಿನ ಕ್ರಾಸುಗಳ ನೀರಿನ ಕಥೆಯನ್ನು ಇಪ್ಪತ್ತು ನಿಮಿಷ ಹೇಳಿದರು. "ಯಾರೋ ಕಾಣದ ಕೈ ನಮ್ಮ ನೀರನ್ನ ಕದೀತಾ ಇದೆ ಸಾಹೇಬ್ರೇ!" ಎಂದಾಗ ಎಡಗಡೆಯವರು ಚಪ್ಪಾಳೆ ತಟ್ಟಿದರು. ಬಲಗಡೆಯ ಹೆಂಗಸರು ಸೆರಗು ಸರಿಮಾಡಿಕೊಂಡರು. ಇಂಜಿನಿಯರು ತೆಳ್ಳಗಿನ ಮನುಷ್ಯ. 'ಪರಿಶೀಲಿಸುತ್ತೇವೆ' ಎನ್ನುವ ಹಾಗೆ ತಲೆಯಾಡಿಸುತ್ತ ಮೇಜಿನ ಕೆಳಗೆ ಮೊಬೈಲ್ ಒತ್ತುತ್ತಿದ್ದರು.

ಸನ್ಮಾನ ಶುರುವಾಯಿತು. ಪೇಟ ಬಂತು, ಹಾರ ಬಂತು, ಬುಟ್ಟಿ ಬಂತು. ಭೈರಪ್ಪನವರು ಶಾಲು ಬಿಚ್ಚಿ, ಪತ್ರ ಓದಿ ಮುಗಿದ ಮೇಲೆ ಹೊದೆಸಲು ಎರಡು ತುದಿ ಹಿಡಿದು ನಿಂತರು. ಪರಮೇಶ ಮೈಕಿನ ಮುಂದೆ ಬಂದ. ಕಾಗದ ಅಲುಗುವ ಸದ್ದು ಸ್ಪೀಕರಿನಲ್ಲಿ ಮಳೆ ಬಂದ ಹಾಗೆ ಕೇಳಿಸಿತು.

"ಶ್ರೀ ಹುಲಿಯಪ್ಪನವರೇ," ಎಂದು ಓದಿದ. "ನೀವು ಭದ್ರಾವತಿಯಲ್ಲಿ ಮೂವತ್ತು ವರ್ಷ ದುಡಿದು ನಮ್ಮ ಬಡಾವಣೆಗೆ ಬಂದಾಗ, ನಾಲ್ಕು, ಐದು, ಆರನೇ ಕ್ರಾಸಿನ ನಲ್ಲಿಗಳಲ್ಲಿ ಗಾಳಿ ಮಾತ್ರ ಬರುತ್ತಿತ್ತು..."

ಹುಲಿಯಪ್ಪ ಹೇಳಿದ್ದು ಸರಿಯಾಗಿತ್ತು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎಡಗಡೆ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಫೋಟೋದವನು ಹುಲಿಯಪ್ಪನ ಗಲ್ಲ ಎತ್ತುತ್ತಿದ್ದ. ಭೈರಪ್ಪನವರು ಶಾಲಿನ ಜರಿ ನೋಡುತ್ತಿದ್ದರು. ಪರಮೇಶನಿಗೆ ಧೈರ್ಯ ಬಂತು.

"ಆಗ ನೀವು ನಿಮ್ಮ ಕೈಯಿಂದಲೇ ಚಾವಿ ಮಾಡಿ, ದಿನವೂ ಬೆಳಿಗ್ಗೆ ಒಂದನೇ ಕ್ರಾಸಿನ ಗುಂಡಿಗಿಳಿದು, ವಾಲ್ವನ್ನು ಎಂಟು ಸುತ್ತು ಮುಚ್ಚಿ, ನೀರು ಗುಡ್ಡ ಹತ್ತುವಂತೆ ಮಾಡಿದಿರಿ. ಮುಕ್ಕಾಲು ಗಂಟೆ ಕಾದು ಎಂಟು ಸುತ್ತು ಬಿಚ್ಚಿ ಮನೆಗೆ ಹೋದಿರಿ. ಯಾರಿಗೂ ಹೇಳಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಮಗಳ ಮದುವೆಯ ದಿನ ಧಾರೆಯ ಪಂಚೆಯಲ್ಲೇ ಗುಂಡಿಗೆ ಬಂದಿರಿ..."

ಬಲಗಡೆಯಿಂದ ಚಪ್ಪಾಳೆ ಸಿಡಿಯಿತು. ಶೀಲಾ ಎದ್ದು ನಿಂತು ತಟ್ಟುತ್ತಿದ್ದಳು. ಅವಳ ಹಿಂದೆ ಮೂರು ಕ್ರಾಸಿನ ಹೆಂಗಸರೆಲ್ಲ ಎದ್ದರು. ಸನ್ಮಾನ ಪತ್ರಕ್ಕೆ ಮಧ್ಯದಲ್ಲಿ ಚಪ್ಪಾಳೆ ಬಿದ್ದದ್ದು ಬಡಾವಣೆಯ ಇತಿಹಾಸದಲ್ಲೇ ಇರಲಿಲ್ಲ. ಕಡಲೆಕಾಯಿ ನಿಂತಿತು. ಇಂಜಿನಿಯರು ಮೊಬೈಲಿನಿಂದ ತಲೆ ಎತ್ತಿದರು.

"ಏನು ಓದಿದ್ರಿ?" ಎಂದರು. "ವಾಲ್ವ್ ಅಂತ ಏನೋ ಕೇಳಿಸ್ತು. ಇನ್ನೊಂದ್ಸಲ ಓದಿ."

ಪರಮೇಶ ಕಾಗದ ನೋಡಿದ. ಹಳೆಯ ಪತ್ರ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಸರಳ ಸಜ್ಜನಿಕೆಯ ಸಾಕಾರಮೂರ್ತಿ ಎಂದು ಶುರುಮಾಡಿಬಿಟ್ಟರೆ ಕೇಸೂ ಇಲ್ಲ, ಗಲಾಟೆಯೂ ಇಲ್ಲ, ಇಂಜಿನಿಯರು ಮತ್ತೆ ಮೇಜಿನ ಕೆಳಗೆ ಹೋಗುತ್ತಾರೆ. ಬಾಯಿ 'ಸ' ಎಂದು ತೆರೆದೂ ಆಗಿತ್ತು. ಮುಂದಿನ ಸಾಲಿನಲ್ಲಿ ಹುಲಿಗೆಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ತನ್ನ ಗಂಡನನ್ನು ಬಿಟ್ಟು ಇನ್ಯಾರಿಗೂ ಹೊಂದದ ಮಾತು ಕೇಳಲು ಬಂದಿದ್ದಳು.

ಅವನು ಮೊದಲಿನಿಂದ ಓದಿದ. ಈ ಸಲ ಎಲ್ಲರೂ ಕೇಳಿಸಿಕೊಂಡರು. ಧಾರೆಯ ಪಂಚೆಯವರೆಗೆ ಬಂದು, ಕಾಗದ ಮಡಿಚಿ, ಬರೆದಿರದಿದ್ದ ಎರಡು ಮಾತು ಸೇರಿಸಿದ. "ನನ್ನ ಮನೆ ನಾಲ್ಕನೇ ಕ್ರಾಸಿನಲ್ಲಿದೆ. ನಾಲ್ಕು ವರ್ಷ ಆ ನೀರು ನಾನೂ ಕುಡಿದಿದ್ದೀನಿ. ನೀರು ಎಲ್ಲಿ ಹೋಯ್ತು ಅಂತ ಒಂಬತ್ತು ಅರ್ಜೀನೂ ನಾನೇ ಬರೆದಿದ್ದೀನಿ. ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳೋ ಗೋಜಿಗೂ ಹೋಗಿರಲಿಲ್ಲ."

"ಕಾಣದ ಕೈ!" ಎಂದು ಎಡಗಡೆಯಿಂದ ಒಬ್ಬ ಕೂಗಿದ. ನಾಲ್ಕೈದು ಕುರ್ಚಿ ಉರುಳಿದವು.

ಭೈರಪ್ಪನವರು ಶಾಲು ಹಿಡಿದೇ ಹುಲಿಯಪ್ಪನ ಕಡೆ ತಿರುಗಿದರು. "ನೀನೇನಯ್ಯಾ? ದಿನಾ ವಾಕಿಂಗಲ್ಲಿ ಸಿಕ್ಕಾಗ ನಮಸ್ಕಾರ ಮಾಡ್ತಿದ್ದೆಯಲ್ಲೋ!"

"ಗುಂಡಿ ನಿಮ್ಮನೆ ಹತ್ರಾನೇ ಇದೆಯಲ್ಲ ಸ್ವಾಮಿ," ಎಂದ ಹುಲಿಯಪ್ಪ, ಬುಟ್ಟಿ ಜಾರದಂತೆ ಹಿಡಿದುಕೊಂಡು.

"ಭಾವ!" ಎಂದು ವ್ಯಾನಿನಿಂದ ಕಾಂತರಾಜ್ ಕೂಗಿದ. "ಗಾಡಿ ಸ್ಟಾರ್ಟಲ್ಲೇ ಇದೆ! ಹತ್ತಿ ಬಿಡಿ! ಅಲ್ಲಿ ಇನ್ನೂ ನಾದಸ್ವರ ಮುಗಿದಿಲ್ಲ!"

ಆಗ ಎಡಗಡೆಯ ಮೊದಲ ಸಾಲಿನಿಂದ ಪ್ರೇಮಮ್ಮ ಎದ್ದರು. "ರೀ, ಶಾಲು ಹೊದೆಸ್ರೀ ಸಾಕು, ಕೈ ನೋಯಲ್ವಾ? ನಮಗೆ ಕುಡಿಯಕ್ಕೆ ಯಾವತ್ತು ಕಡಿಮೆಯಾಗಿದೆ? ಬಂದಿದ್ದರಲ್ಲಿ ಮುಕ್ಕಾಲು ನಿಮ್ಮ ಅಡಿಕೆ ಸಸಿ ಕುಡೀತು. ಊರಲ್ಲಿ ಹತ್ತೆಕರೆ ತೋಟ ಇಟ್ಕೊಂಡು ಇಲ್ಲಿ ಗೇಟಿನ ಒಳಗೆ ತೋಟ ಮಾಡಕ್ಕೆ ಹೊರಟಿದ್ದು ಯಾರು?"

ಬಲಗಡೆಯವರಿಗಿಂತ ಜೋರಾಗಿ ನಕ್ಕದ್ದು ಎಡಗಡೆಯವರು. ಭೈರಪ್ಪನವರು ಹೆಂಡತಿಯನ್ನು ನೋಡಿದರು, ಇಂಜಿನಿಯರನ್ನು ನೋಡಿದರು, ಫೋಟೋದವನ ಕ್ಯಾಮೆರಾ ನೋಡಿದರು. ಶಾಲು ಹೊದೆಸಿದರು. ಹುಲಿಯಪ್ಪನ ಕುತ್ತಿಗೆ ಸ್ವಲ್ಪ ಒತ್ತುವಷ್ಟು ಬಿಗಿಯಾಗಿಯೇ ಹೊದೆಸಿದರು. ಫೋಟೋದಲ್ಲಿ ಅದು ಆಲಿಂಗನದ ಹಾಗೆ ಬಂತು.

ಇಂಜಿನಿಯರು ಮೈಕಿಗೆ ಬಂದು, "ಇಲಾಖೆಯ ಸೊತ್ತನ್ನ ಖಾಸಗಿಯವರು ಮುಟ್ಟೋದು ಅಪರಾಧ" ಎಂದರು. ನಗು ನಿಂತಿತು. ಹುಲಿಗೆಮ್ಮನ ಮುಖ ಕಪ್ಪಿಟ್ಟಿತು. ಇಂಜಿನಿಯರು ಮುಂದುವರಿದು ಹೇಳಿದರು: "ನಾಳೆ ಬೆಳಿಗ್ಗೆ ಐದೂವರೆಗೆ ಗುಂಡಿ ಹತ್ರ ಬರ್ತೀನಿ. ಆ ಚಾವಿ ಜಪ್ತಿ ಮಾಡ್ಬೇಕು. ಅಧ್ಯಕ್ಷರು, ಕಾರ್ಯದರ್ಶಿ ಸಾಕ್ಷಿಗಿರಬೇಕು."

ಸೋಮವಾರ ಬೆಳಿಗ್ಗೆ ಅವರು ಮಂಕಿ ಕ್ಯಾಪ್ ಹಾಕಿಕೊಂಡು ನಿಜವಾಗಿಯೂ ಬಂದರು. ಜಪ್ತಿ ನೋಡಲು ಅರ್ಧ ಬಡಾವಣೆ ನೆರೆದಿತ್ತು. ಹುಲಿಯಪ್ಪ ಚಾವಿ ಒಪ್ಪಿಸಿ ಪಕ್ಕಕ್ಕೆ ನಿಂತ.

"ಮುರುಗೇಶಪ್ಪ, ನಿಮ್ಮ ಚಾವಿ ಹಾಕಿ ಎಂಟು ಸುತ್ತು ತಿರುಗ್ಸಿ, ನೋಡೋಣ," ಎಂದರು ಇಂಜಿನಿಯರು.

ಮುರುಗೇಶಪ್ಪ ತನ್ನ ಚಾವಿ ಹಾಕಿ ತಿರುಗಿಸಿದ. ಚಾವಿ ಕಟಕ್ ಎಂದು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು.

"ಸವೆದೋಗಿದೆ ಸಾರ್, ವಾಲ್ವಿನ ತಲೆ," ಎಂದ ಹುಲಿಯಪ್ಪ ಸಂಕೋಚದಿಂದ. "ಅದಕ್ಕೇ ನಾನು ಅದರ ಅಳತೆಗೇ ಮಾಡ್ಕೊಂಡಿದ್ದು."

ಇಂಜಿನಿಯರು ಜಪ್ತಿ ಮಾಡಿದ ಚಾವಿಯನ್ನು ಮುರುಗೇಶಪ್ಪನಿಗೆ ಕೊಟ್ಟರು. ಅವನು ಇಳಿದು ತಿರುಗಿಸಿದ. ಸುತ್ತು ಎಣಿಸುವಾಗ ಮೇಲಿನವರು ಒಂದು, ಕೆಳಗಿನವರು ಒಂದು ಹೇಳಿ ಅವನ ಲೆಕ್ಕ ತಪ್ಪಿಸಿದರು. ಮೇಲಿನಿಂದ ಶೀಲಾ "ನೀರು ನಿಂತೋಯ್ತು!" ಎಂದು ಕೂಗಿದಳು. ಅವನು ಇನ್ನೊಂದೆರಡು ಸುತ್ತು ಮುಚ್ಚುತ್ತಿದ್ದ ಹಾಗೇ ಕೆಳಗಿನಿಂದ ಪ್ರೇಮಮ್ಮನೂ ಅದನ್ನೇ ಕೂಗಿದರು. ಇಂಜಿನಿಯರು ಮಂಕಿ ಕ್ಯಾಪ್ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಚಾವಿ ಇಸಿದುಕೊಂಡು ಹುಲಿಯಪ್ಪನ ಕೈಗಿಟ್ಟರು.

"ಚಾವಿ ಜಪ್ತಿಯಾಗಿದೆ," ಎಂದರು ಗಟ್ಟಿಯಾಗಿ. "ಇಲಾಖೆಯ ಪರವಾಗಿ ನಿಮ್ಮ ಹತ್ರಾನೇ ಇರ್ಲಿ. ಕಾರ್ಯದರ್ಶಿಗಳೇ, ಒಂದು ಕಾಗದ ಬರೀರಿ. ಎಲ್ಲರೂ ಸಹಿ ಹಾಕಿ."

"ಏನಂತ ಬರೀಲಿ ಸಾರ್? ನಡೆದದ್ದನ್ನ?"

"ನಡೆದದ್ದು ಬೇಡ ಮಾರಾಯ್ರೇ! ನಾನೂ ಕೆಲಸದಲ್ಲಿರ್ಬೇಕು. ಬೇರೆ ಏನಾದ್ರೂ ಬರೀರಿ."

ಪರಮೇಶ ಭೈರಪ್ಪನವರ ಕಾಂಪೌಂಡಿನ ಮೇಲೆ ಕಾಗದ ಇಟ್ಟು ಪೆನ್ನು ಹಿಡಿದ. ಬೇರೆ ಏನೂ ಹೊಳೆಯಲಿಲ್ಲ. ಏಳು ವರ್ಷ ಅಷ್ಟು ಸಲೀಸಾಗಿ ಬರುತ್ತಿದ್ದದ್ದು ಒಂದೇ ರಾತ್ರಿಯಲ್ಲಿ ಕೈಬಿಟ್ಟಿತ್ತು. ಗುಂಪು ಸರಿಸಿಕೊಂಡು ಹುಲಿಗೆಮ್ಮ ಮುಂದೆ ಬಂದಳು.

"ನಾನು ಹೇಳ್ತೀನಿ, ಬರ್ಕೊಳಿ. ಸೋಮವಾರ, ಬುಧವಾರ, ಶುಕ್ರವಾರ ಎಂಟು ಸುತ್ತು. ಮಂಗಳವಾರ, ಗುರುವಾರ, ಶನಿವಾರ ಆರು ಸುತ್ತು, ಅವತ್ತು ಕೆಳಗಿನವರಿಗೆ ಜಾಸ್ತಿ."

"ಭಾನುವಾರ?" ಎಂದರು ಭೈರಪ್ಪನವರು ಥಟ್ಟನೆ.

"ಭಾನುವಾರ ಇವರಿಗೆ ರಜ. ಕಾರ್ಖಾನೇಲಿ ಮೂವತ್ತು ವರ್ಷ ವಾರಕ್ಕೊಂದು ರಜ ಇತ್ತು, ಇಲ್ಲಿ ಮಾತ್ರ ಯಾಕಿಲ್ಲ? ಅವತ್ತು ನೀವೇ ಇಳಿದು ತಿರುಗ್ಸಿ."

ಭೈರಪ್ಪನವರು ಗುಂಡಿಯೊಳಗೆ ಬಗ್ಗಿ ನೋಡಿದರು. ಪರಮೇಶ ಅದನ್ನೂ ಬರೆದುಕೊಂಡು, ಪೆನ್ನು ಎತ್ತಿ ಹಿಡಿದು ಕೇಳಿದ:

"ಅಧ್ಯಕ್ಷರೇ, ನಿಮ್ಮ ಹೆಸರಿನ ಮುಂದೆ ಎಷ್ಟು ಸುತ್ತು ಹಾಕ್ಲಿ?"